ಅದೇ ಕಾಯಿಲೆ: ಅವರಿಗೆ ನಾಲ್ಕು ಔಷಧ, ನಮಗೆ ಮೂರೇ ಏಕೆ?

ಪ್ರಶ್ನೆ: ನಾವು ಚಳ್ಳಕೆರೆ ತಾಲ್ಲೂಕಿನ ಶೇಂಗಾ ಬೆಳೆಗಾರರು. 62 ವರ್ಷದ ನಮ್ಮ ತಂದೆಯವರಿಗೆ ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರ್ ಇದೆಯೆಂದು ಬೆಂಗಳೂರಿನಲ್ಲಿ ತಿಳಿಯಿತು. ಬಿಪಿಎಲ್ ಕಾರ್ಡಿನ ಮೇಲೆ ಬಾರ್ಟೆಜೊಮಿಬ್, ಲೆನಾಲಿಡೊಮೈಡ್, ಡೆಕ್ಸಾಮೆಥಾಸೋನ್ ಕೊಡುತ್ತಿದ್ದಾರೆ. ಇದೇ ಕಾಯಿಲೆಯ ಸಂಬಂಧಿಕರೊಬ್ಬರಿಗೆ ಖಾಸಗಿ ಆಸ್ಪತ್ರೆಯಲ್ಲಿ ನಾಲ್ಕು ಔಷಧ ನಡೆದಿದೆ. ಹಣವಿಲ್ಲವೆಂದು ನಮಗೆ ಕೆಳದರ್ಜೆಯ ಚಿಕಿತ್ಸೆಯೇ? ವಾರವಾರ ಬೆಂಗಳೂರಿಗೆ ಹೋಗಿಬರಲೂ ಆಗುತ್ತಿಲ್ಲ.

ಉತ್ತರ: ನಿಮ್ಮ ತಂದೆಯವರಿಗೆ ಸಿಗುತ್ತಿರುವುದು ಕೆಳದರ್ಜೆಯ ಚಿಕಿತ್ಸೆಯಲ್ಲ. ಉಳಿದೆರಡು ಔಷಧಗಳ ಜೊತೆಗೆ ಬಾರ್ಟೆಜೊಮಿಬ್ ಸೇರಿಸಿದಾಗ ರೋಗಿಗಳ ಮಧ್ಯಮ ಜೀವಿತಾವಧಿ, ಅಂದರೆ ಅರ್ಧದಷ್ಟು ರೋಗಿಗಳು ಬದುಕಿ ದಾಟಿದ ಕಾಲ, 64 ತಿಂಗಳಿಂದ 75 ತಿಂಗಳಿಗೆ ಏರಿದ್ದನ್ನು 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಬಾರ್ಟೆಜೊಮಿಬ್ ಮತ್ತು ಲೆನಾಲಿಡೊಮೈಡ್ ಎರಡನ್ನೂ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಮೈಲೋಮಾದ ಕೋಶಗಳು ಮಿತಿಮೀರಿ ಪ್ರೋಟೀನ್ ತಯಾರಿಸುತ್ತವೆ. ಅದರ ಕಸ ಹೊರಹೋಗುವ ದಾರಿಯನ್ನು ಬಾರ್ಟೆಜೊಮಿಬ್ ಮುಚ್ಚಿದರೆ, ಲೆನಾಲಿಡೊಮೈಡ್ ದೇಹದ ರಕ್ಷಣಾ ಕೋಶಗಳನ್ನು ಎಚ್ಚರಿಸುತ್ತದೆ. ಒಂದರಿಂದ ತಪ್ಪಿಸಿಕೊಂಡ ಕೋಶ ಇನ್ನೊಂದಕ್ಕೆ ಸಿಕ್ಕಲಿ ಎಂದೇ ಔಷಧಗಳನ್ನು ಕೂಡಿಸಿ ಕೊಡುವುದು.

ಆದರೆ ನಿಮ್ಮ ಅನುಮಾನಕ್ಕೆ ಆಧಾರವಿಲ್ಲವೆಂದು ನಾನು ಹೇಳಲಾರೆ. ನಿಮ್ಮ ಸಂಬಂಧಿಕರ ನಾಲ್ಕನೆಯ ಔಷಧ ಬಹುಶಃ ಡಾರಾಟುಮುಮಾಬ್. ಅದನ್ನು ಸೇರಿಸಿದಾಗ ಕಾಯಿಲೆ ಹೆಚ್ಚು ಕಾಲ ಹತೋಟಿಯಲ್ಲಿರುತ್ತದೆ ಎಂಬುದು ಸಾಬೀತಾಗಿದೆ. ಮೊದಲೆರಡು ಔಷಧಗಳನ್ನು ನಮ್ಮ ದೇಶದ ಹಲವು ಕಂಪನಿಗಳು ತಯಾರಿಸುವುದರಿಂದ ಬೆಲೆ ಇಳಿದಿದೆ. ಆದರೆ ಡಾರಾಟುಮುಮಾಬ್ ಜೀವಕೋಶಗಳಲ್ಲಿ ಬೆಳೆಸಬೇಕಾದ ಪ್ರತಿಕಾಯ (ರೋಗದ ಕೋಶಕ್ಕೆ ಅಂಟಿಕೊಳ್ಳುವ ಪ್ರೋಟೀನ್), ಅದನ್ನು ಮಾತ್ರೆಯಂತೆ ಸುಲಭವಾಗಿ ನಕಲು ಮಾಡಲಾಗದು. ಒಂದೇ ಕಾಯಿಲೆಯ ಇಬ್ಬರ ನಡುವೆ ಹಣ ಹೀಗೆ ಗೆರೆ ಎಳೆಯುವುದು ಅನ್ಯಾಯ, ಮತ್ತು ವೈದ್ಯರಾದ ನಾವು ಅದನ್ನು ರೋಗಿಗಳಿಂದ ಮುಚ್ಚಿಡಬಾರದು.

ಆದರೂ ನನಗೆ ಹೆಚ್ಚು ಆತಂಕ ತಂದದ್ದು ನಿಮ್ಮ ಕೊನೆಯ ವಾಕ್ಯ. ಮೂರು ಔಷಧಗಳ ಫಲ ಸಿಗುವುದು ಅವು ತಪ್ಪದೆ ನಡೆದಾಗ ಮಾತ್ರ. ಬಾರ್ಟೆಜೊಮಿಬ್ ಹೊಟ್ಟೆಯ ಅಥವಾ ತೊಡೆಯ ಚರ್ಮದಡಿ ಕೆಲವೇ ಕ್ಷಣಗಳಲ್ಲಿ ಕೊಡುವ ಚುಚ್ಚುಮದ್ದು. ಅದಕ್ಕಾಗಿ ಬೆಂಗಳೂರಿನ ಸುಮಾರು 200 ಕಿಲೋಮೀಟರ್ ದಾರಿಯನ್ನು ಪ್ರತಿವಾರ ಸವೆಸಬೇಕಿಲ್ಲ. ಪ್ರಮಾಣ, ದಿನಾಂಕ ಮತ್ತು ಆಗಬೇಕಾದ ರಕ್ತಪರೀಕ್ಷೆಗಳನ್ನು ಬರೆದುಕೊಡುವಂತೆ ಬೆಂಗಳೂರಿನ ವೈದ್ಯರನ್ನು ಕೇಳಿ, ಆ ಪತ್ರದೊಂದಿಗೆ ದಾವಣಗೆರೆಯಲ್ಲಿ ಕ್ಯಾನ್ಸರ್ ಚಿಕಿತ್ಸೆ ನೀಡುವ ಆಸ್ಪತ್ರೆಯನ್ನು ವಿಚಾರಿಸಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಮುಂದಿನ ಸುತ್ತಿನ ಅನುಮೋದನೆಯನ್ನು ದಾವಣಗೆರೆಯಲ್ಲೇ ಪಡೆಯಬಹುದೇ ಎಂದು ಅಲ್ಲಿನ ಆರೋಗ್ಯ ಮಿತ್ರರನ್ನು (ಆಸ್ಪತ್ರೆಯಲ್ಲಿ ಈ ಯೋಜನೆಯ ಫಲಾನುಭವಿಗಳಿಗೆ ನೆರವಾಗುವ ಸಿಬ್ಬಂದಿ) ಚಿಕಿತ್ಸೆಗೆ ಮೊದಲೇ ಕೇಳಿ. ಔಷಧವನ್ನು ಹೊರಗೆ ಕೊಳ್ಳಬೇಕಾಗಿ ಬಂದರೆ 2 ಮಿಲಿಗ್ರಾಂ ಸೀಸೆ ಸಾಕಾಗುವುದೇ ಎಂದು ವಿಚಾರಿಸಿ, 3.5 ಮಿಲಿಗ್ರಾಂ ಸೀಸೆಯಲ್ಲಿ ಉಳಿದದ್ದು ಸಾಮಾನ್ಯವಾಗಿ ಕಸಕ್ಕೆ ಹೋಗುತ್ತದೆ.

ಪಾದಗಳಲ್ಲಿ ಜೋಮು ಅಥವಾ ಉರಿ ಕಾಣಿಸಿದರೆ ಕೂಡಲೇ ತಿಳಿಸಿ. ಬಾರ್ಟೆಜೊಮಿಬ್‌ನ ಪ್ರಮಾಣ ಇಳಿಸಿ ಚಿಕಿತ್ಸೆ ಮುಂದುವರಿಸಲು ಆಗುತ್ತದೆ, ಆದರೆ ನೋವು ಬಲಿತ ಮೇಲೆ ಅದನ್ನು ನಿಲ್ಲಿಸಲೇಬೇಕಾಗಬಹುದು. ಜೋಮು ಹಿಡಿದ ಕಾಲಿಗೆ ಮುಳ್ಳು ಚುಚ್ಚಿದ್ದೂ ತಿಳಿಯದು. ತಂದೆಯವರು ಬರಿಗಾಲಲ್ಲಿ ಹೊಲಕ್ಕಿಳಿಯದಂತೆ ನೋಡಿಕೊಳ್ಳಿ.

ಕಾಯಿಲೆ ಮರುಕಳಿಸಿದಾಗಲೂ ಡಾರಾಟುಮುಮಾಬ್ ಕೊಡಬಹುದು. ಆ ನಿರ್ಧಾರಕ್ಕೆ ಈಗಿನ ಮೂಳೆಮಜ್ಜೆಯ ವರದಿಯೂ ಪ್ರತಿ ಸುತ್ತಿನ ದಾಖಲೆಯೂ ಬೇಕಾಗುವುದರಿಂದ ಎಲ್ಲವನ್ನೂ ಒಂದೇ ಫೈಲಿನಲ್ಲಿ ಇಟ್ಟುಕೊಂಡಿರಿ.