ಮೇಷ್ಟ್ರ ಅಂಚೆಪೆಟ್ಟಿಗೆ: ಆಕ್ಸ್ಟರ್ ಅಂದರೆ ಬಗಲು

ಪ್ರಶ್ನೆ: ಮೇಷ್ಟ್ರೇ, ನನ್ನ ಮಗಳು ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ನರ್ಸ್. ಇಂಗ್ಲಿಷ್ ಪರೀಕ್ಷೆ ಚೆನ್ನಾಗೇ ಪಾಸಾಗಿದ್ದಾಳೆ. ಆದರೂ ವಯಸ್ಸಾದ ರೋಗಿಗಳು 'ಲಗ್' ನೋಯುತ್ತೆ, 'ಆಕ್ಸ್ಟರ್'ನಲ್ಲಿ ಗಂಟಾಗಿದೆ ಅಂದರೆ ಕಕ್ಕಾಬಿಕ್ಕಿ ಆಗ್ತಾಳಂತೆ. ಇದು ಹಳ್ಳಿ ಜನರ ಕೆಟ್ಟ ಇಂಗ್ಲಿಷಾ?
– ಒಬ್ಬ ತಾಯಿ, ಸಿರುಗುಪ್ಪ

ಉತ್ತರ: ಕೆಟ್ಟ ಇಂಗ್ಲಿಷ್ ಅಲ್ಲ ತಾಯಿ, ಅದು ಸ್ಕಾಟ್ಸ್. ಇಂಗ್ಲಿಷಿಗೆ ತಂಗಿಯಾಗಬೇಕಾದ ನುಡಿ. ಅಲ್ಲಿನ ಇನ್ನೊಂದು ನುಡಿ ಗೇಲಿಕ್ ಬೇರೆ, ಅದಕ್ಕೂ ಇದಕ್ಕೂ ಗಂಟು ಹಾಕಬೇಡಿ. 2011ರ ಜನಗಣತಿಯಲ್ಲಿ 15 ಲಕ್ಷಕ್ಕೂ ಜಾಸ್ತಿ ಜನ ತಮಗೆ ಸ್ಕಾಟ್ಸ್ ಮಾತಾಡಲು ಬರುತ್ತದೆ ಅಂದಿದ್ದರು.

ಲಗ್ ಅಂದರೆ ಕಿವಿ. ಆಕ್ಸ್ಟರ್ ಅಂದರೆ ಬಗಲು. ತಲೆ 'ಹೀಡ್', ಮೂಗು 'ನೆಬ್', ಗಂಟಲು 'ಥ್ರಾಪಲ್', ಅಂಗೈ 'ಲೂಫ್', ಮುಷ್ಟಿ 'ನೀವ್'. ಕಣ್ಣು ಒಂದಾದರೆ 'ಈ', ಎರಡಾದರೆ 'ಈನ್'. ಎದೆಗೆ 'ಕಿಸ್ಟ್' ಅಂತಾರೆ, ಪೆಟ್ಟಿಗೆಗೂ ಅದೇ ಹೆಸರು. ಕಿರುಬೆರಳಿನ 'ಪಿಂಕಿ' ನಿಮ್ಮ ಮಗಳಿಗೆ ಆಗಲೇ ಗೊತ್ತಿರುತ್ತೆ. ಅಮೆರಿಕದವರೂ ಹಾಗೇ ಅಂತಾರೆ.

ಒಂದು ಕಡೆ ಮಾತ್ರ ಹುಷಾರಾಗಿರಬೇಕು. ಹಳೆಯ ಅಜ್ಜ ಒಬ್ಬ 'ವೇಮ್' ನೋವು ಅಂದರೆ ಗಾಬರಿ ಬೇಡ, ವೇಮ್ ಅಂದರೆ ಹೊಟ್ಟೆ. ಇಂಗ್ಲಿಷಿನಲ್ಲಿ ಗರ್ಭಕೋಶಕ್ಕೆ ಹೇಳುವ 'ವೂಂಬ್' ಅದರದೇ ಅಕ್ಕ. ಮೊದಲು ವೂಂಬ್‌ಗೂ ಸುಮ್ನೆ ಹೊಟ್ಟೆ ಅಂತ ಅರ್ಥ ಇತ್ತು. ಇಂಗ್ಲಿಷ್ ಅದನ್ನು ಹೆಂಗಸರಿಗೆ ಮೀಸಲು ಮಾಡಿತು, ಸ್ಕಾಟ್ಸ್ ಎಲ್ಲರ ಹೊಟ್ಟೆಗೂ ಉಳಿಸಿಕೊಂಡಿತು.

ಇನ್ನೊಂದು ಅಬರ್ಡೀನ್ ಕಡೆಯದೇ ಫಜೀತಿ: 'ಫಿಟ್'. ಅದು ಪಾದವೂ ಹೌದು, 'ಏನು', 'ಯಾವುದು' ಅಂತಲೂ ಹೌದು. 'ಫಿಟ್ ಲೈಕ್?' ಅಂದರೆ ಹೇಗಿದ್ದೀರಿ ಅಂತ ಕೇಳಿದ್ದು. ಕಾಲು ತೋರಿಸಬಾರದು! ಯಾವ ಪಾದ ಯಾವುದಕ್ಕೆ ಸರಿಹೊಂದುತ್ತೆ ಅನ್ನೋದನ್ನು 'ಫಿಟ್ ಫಿಟ್ ಫಿಟ್ಸ್ ಫಿಟ್ ಫಿಟ್?' ಅಂತ ಆ ಊರಿನವರೇ ಹೇಳಿ ನಗುತ್ತಾರೆ.

ನಮ್ಮ ಕಡೆ ಏನು ಕಮ್ಮಿ ಹೇಳಿ? ಮೈಸೂರು ಕಡೆಯ ಹೊಸ ಡಾಕ್ಟರು ಬಳ್ಳಾರಿಗೆ ಬಂದರೆ, ಮೊದಲ ದಿನವೇ ಯಾರೋ ಒಬ್ಬ ಅಜ್ಜಿ "ಟೊಂಕ ಹಿಡದೈತ್ರಿ, ಡುಬ್ಬ ಜಗ್ಗತೈತ್ರಿ" ಅಂತಾಳೆ. ಸೊಂಟ, ಬೆನ್ನು ಅಂತ ಕಲಿತವರು ಪಕ್ಕದಲ್ಲಿರುವ ನರ್ಸಮ್ಮನ ಮುಖ ನೋಡುತ್ತಾರೆ. ಅಜ್ಜಿಯ ಕನ್ನಡ ಕೆಟ್ಟದ್ದು ಅಂತ ನಾವು ಅಂತೀವಾ? ಅಂದಹಾಗೆ, 1800ರಲ್ಲಿ ನಮ್ಮ ಸೀಮೆಗೆ ಕಲೆಕ್ಟರಾಗಿ ಬಂದು, ರೈತರ ಹತ್ತಿರವೇ ನೇರವಾಗಿ ಕಂದಾಯ ಗೊತ್ತುಮಾಡಿದ ಥಾಮಸ್ ಮನ್ರೋ ಕೂಡ ಸ್ಕಾಟ್ಲೆಂಡಿನವನೇ, ಗ್ಲಾಸ್ಗೋದಲ್ಲಿ ಹುಟ್ಟಿದವನು. ಅವನು ಹುಡುಗನಾಗಿದ್ದಾಗ ಆ ಊರಿನ ಬೀದಿಯಲ್ಲಿ ಕಿವಿ ಹಿಂಡಿದರೆ ಹಿಂಡಿದ್ದು ಲಗ್ಗೇ.

ಎಲ್ಲ ರೋಗಿಗಳೂ ಹೀಗೆ ಮಾತಾಡಲ್ಲ. ಎಷ್ಟೋ ಜನ ನರ್ಸ್ ಮುಂದೆ ಇಂಗ್ಲಿಷಿಗೆ ಹೊರಳುತ್ತಾರೆ, ನೋವು ಜೋರಾದಾಗ ಮಾತ್ರ ಮನೆಮಾತು ಬಾಯಿಗೆ ಬರುತ್ತೆ. 'ಸೇರ್' ಅಂದರೆ ನೋವು, 'ಹೋಸ್ಟ್' ಅಂದರೆ ಕೆಮ್ಮು, ಇವೆರಡನ್ನು ಮೊದಲು ಕಲಿಯಲಿ. ಅನುಮಾನ ಬಂದರೆ ಬೆರಳಿಟ್ಟು ತೋರಿಸಿ ಅನ್ನಲಿ. ಚಾರ್ಟಿನಲ್ಲಿ ಮಾತ್ರ ಆಸ್ಪತ್ರೆಯ ಇಂಗ್ಲಿಷ್ ಪದವನ್ನೇ ಬರೆಯಲಿ. ಸ್ಕಾಟ್ಸ್ ಭಾಷೆಯ ದೊಡ್ಡ ನಿಘಂಟು ಆನ್‌ಲೈನಿನಲ್ಲಿ ಪುಕ್ಕಟೆ ಸಿಗುತ್ತದೆ, ಮೊಬೈಲಿನಲ್ಲೇ ನೋಡಬಹುದು.