ಪೀಪಿ ಊದಿ ಹಾಡುವ ಸಭೆ ಹೊಸ ಪಂಥವೇ?

ಪ್ರಶ್ನೆ: ನಾವು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು. ಮಗಳು, ಅಳಿಯ ಅಮೆರಿಕದ ನ್ಯಾಶ್‌ವಿಲ್‌ನಲ್ಲಿದ್ದಾರೆ. ಹೋದ ವರ್ಷ ಅವರ ಜೊತೆ ಅಲ್ಲಿನ ಚರ್ಚ್ ಆಫ್ ಕ್ರೈಸ್ಟ್‌ಗೆ ಹೋಗಿದ್ದೆ. ಆರ್ಗನ್ ಇಲ್ಲ, ಪಿಯಾನೊ ಇಲ್ಲ. ಹಾಡಿಸುವವರು ಜೇಬಿನಿಂದ ಬಿಲ್ಲೆಯಂಥ ಪೀಪಿ ತೆಗೆದು ಒಮ್ಮೆ ಊದಿದರು, ಇಡೀ ಸಭೆ ನಾಲ್ಕು ದನಿಯಲ್ಲಿ ಹಾಡಿತು. ಪ್ರತಿ ಭಾನುವಾರವೂ ಕರ್ತನ ಭೋಜನವಂತೆ, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಿರಸ ಹಂಚಿಕೊಳ್ಳುವುದು. ತಟ್ಟೆ ನನ್ನ ಮುಂದೆ ಬಂದಾಗ ಅಳುಕಿ ಪಕ್ಕದವರಿಗೆ ದಾಟಿಸಿಬಿಟ್ಟೆ. ಈಗ ಮಗಳು ನೀರಿನಲ್ಲಿ ಮುಳುಗಿ ದೀಕ್ಷಾಸ್ನಾನ ಮಾಡಿಸಿಕೊಳ್ಳುತ್ತಾಳಂತೆ. ಕೂಸಿದ್ದಾಗ ನಮ್ಮ ಅಯ್ಯನವರು (ಪಾದ್ರಿ) ಮಾಡಿಸಿದ್ದು ಲೆಕ್ಕಕ್ಕಿಲ್ಲವೇ? ಇದು ಯಾವುದೋ ಹೊಸ ಪಂಥವೇ? ಮುಂದಿನ ಸಲ ಹೋದಾಗ ನಾನು ಭೋಜನದಲ್ಲಿ ಪಾಲು ತೆಗೆದುಕೊಳ್ಳಬಹುದೇ?
– ಒಬ್ಬ ತಾಯಿ, ಧಾರವಾಡ

ಉತ್ತರ: ಹೊಸತೇನಲ್ಲ ತಾಯಿ, ಇನ್ನೂರು ವರ್ಷ ದಾಟಿದೆ. ಅವರನ್ನೇ ಕೇಳಿದರೆ ಎರಡು ಸಾವಿರ ವರ್ಷ ಎಂದಾರು. ತಾವು ಪಂಗಡ ಕಟ್ಟಿದವರಲ್ಲ, ಯೇಸುವಿನ ಅಪೊಸ್ತಲರ, ಅಂದರೆ ಮೊದಲ ಶಿಷ್ಯರ ಕಾಲದ ಸಭೆಯನ್ನೇ ಮತ್ತೆ ಎಬ್ಬಿಸಿ ನಿಲ್ಲಿಸಿದವರು ಎಂಬುದು ಅವರ ನಂಬಿಕೆ. ಚರಿತ್ರೆಯಲ್ಲಿ ಇದನ್ನು ರೆಸ್ಟೊರೇಶನ್ ಚಳವಳಿ ಎನ್ನುತ್ತಾರೆ.

ಕೆಂಟಕಿಯ ಪ್ರೆಸ್ಬಿಟೇರಿಯನ್ ಪಂಗಡದ ಬೋಧಕ ಬಾರ್ಟನ್ ಸ್ಟೋನ್ ಮತ್ತು ಸಂಗಡಿಗರು 1804ರಲ್ಲಿ ತಾವೇ ಕಟ್ಟಿದ್ದ ಸ್ಪ್ರಿಂಗ್‌ಫೀಲ್ಡ್ ಪ್ರೆಸ್ಬಿಟರಿ ಎಂಬ ಸಭಾಮಂಡಳಿಗೆ ಮರಣಶಾಸನ ಬರೆದು ಅದನ್ನು ಮುಚ್ಚಿದರು. ಕ್ರೈಸ್ತರು ಎಂಬ ಹೆಸರೊಂದೇ ಸಾಕು ಎಂದರು. ಅತ್ತ ಪೆನ್ಸಿಲ್ವೇನಿಯಾದಲ್ಲಿ, ಐರ್ಲೆಂಡಿನಿಂದ ಬಂದಿದ್ದ ಥಾಮಸ್ ಕ್ಯಾಂಪ್‌ಬೆಲ್ 1809ರಲ್ಲಿ ಒಂದು ಸೂತ್ರ ಹಾಕಿಕೊಟ್ಟರು: ಸತ್ಯವೇದ (ಬೈಬಲ್) ಮಾತಾಡಿದಲ್ಲಿ ನಾವು ಮಾತಾಡೋಣ, ಅದು ಸುಮ್ಮನಿದ್ದಲ್ಲಿ ಸುಮ್ಮನಿರೋಣ. ಪಂಗಡಗಳ ಜಗಳ ನಿಲ್ಲಲಿ ಎಂದು ಹೇಳಿದ ಮಾತದು. 1832ರ ಹೊತ್ತಿಗೆ ಎರಡೂ ಗುಂಪಿನವರು ಲೆಕ್ಸಿಂಗ್‌ಟನ್‌ನಲ್ಲಿ ಕೈಕುಲುಕಿ ಒಂದಾದರು.

ಆದರೆ ಸುಮ್ಮನಿರುವುದು ಎಂದರೇನು? ನಿಮ್ಮ ಆರ್ಗನ್ ಸಿಕ್ಕಿಕೊಂಡಿರುವುದು ಇಲ್ಲೇ. ಹೊಸ ಒಡಂಬಡಿಕೆ ಹಾಡಿರಿ ಎನ್ನುತ್ತದೆ (ಎಫೆಸ 5:19), ವಾದ್ಯ ನುಡಿಸಿರಿ ಎಂದು ಹೇಳುವುದಿಲ್ಲ. ಹೇಳದ್ದನ್ನು ಮಾಡಕೂಡದು ಎಂದರು ಒಂದು ಕಡೆಯವರು. ಬೇಡ ಎನ್ನದ್ದಕ್ಕೆ ಅಡ್ಡಿಯೇನು ಎಂದರು ಇನ್ನೊಂದು ಕಡೆಯವರು. 150ನೇ ಕೀರ್ತನೆಯ ತಾಳ, ತಂತಿವಾದ್ಯ ತೋರಿಸಿ ನೋಡಿ, ವಾದ್ಯ ಬೇಡವೆನ್ನುವವರು ಅದು ಹಳೇ ಒಡಂಬಡಿಕೆಯ ಮಾತು ಎಂದು ಪಕ್ಕಕ್ಕಿಡುತ್ತಾರೆ.

1860ರ ಸುಮಾರಿಗೆ ಕೆಂಟಕಿಯ ಮಿಡ್‌ವೇ ಸಭೆಯ ಹಾಡು ಕೇಳಿದರೆ ಇಲಿಗಳೂ ಹೆದರಿ ಓಡಬೇಕು ಎಂದು ಅಲ್ಲಿನ ಬೋಧಕ ಪಿಂಕರ್ಟನ್ ಅಂದರಂತೆ. ಶ್ರುತಿಗಾಗಲಿ ಎಂದು ಮೆಲೋಡಿಯನ್ ತರಿಸಿದರು. ನಮ್ಮ ಹಾರ್ಮೋನಿಯಂನ ದಾಯಾದಿ ಅನ್ನಿ. ಹಿರಿಯರೊಬ್ಬರು ರಾತ್ರಿ ತಮ್ಮ ಗುಲಾಮನನ್ನು ಕಿಟಕಿಯಿಂದ ಒಳಗಿಳಿಸಿ ಅದನ್ನು ಹೊರಗೆ ಸಾಗಿಸಿದರು ಎಂದು ಕಥೆ. ವಾದ್ಯ ಕಂಡರೆ ಅಳುಕುತ್ತಿದ್ದ ಮನಸ್ಸಿಗೆ ಗುಲಾಮ ಅಡ್ಡಬರಲಿಲ್ಲ ನೋಡಿ! ಆಮೇಲೆ ಇನ್ನೊಂದು ಮೆಲೋಡಿಯನ್ ಬಂತು.

ಮಿಷನರಿ ಸಂಘಗಳ ಮೇಲೂ ಇದೇ ತಕರಾರು. ಅಮೆರಿಕದ ಅಂತರ್ಯುದ್ಧ ಉಳಿಸಿಹೋದ ಕಹಿಯೂ ಸೇರಿತು. 1906ರ ಧಾರ್ಮಿಕ ಗಣತಿಯಲ್ಲಿ ವಾದ್ಯ ಬೇಡವೆಂದ ಚರ್ಚಸ್ ಆಫ್ ಕ್ರೈಸ್ಟ್, ಇದೇ ಚಳವಳಿಯ ಇನ್ನೊಂದು ಕಡೆಯಾದ ಡಿಸೈಪಲ್ಸ್ ಆಫ್ ಕ್ರೈಸ್ಟ್‌ನಿಂದ ಬೇರೆಯೆಂದೇ ದಾಖಲಾಯಿತು. ಎಲ್ಲರನ್ನೂ ಒಂದು ಮಾಡಲು ಹೊರಟ ಸೂತ್ರವೇ ಮನೆ ಒಡೆಯಿತು. ನೀವು ಕಂಡ ಪೀಪಿ ಮಾತ್ರ ಯಾರ ತಂಟೆಗೂ ಬರಲಿಲ್ಲ. ಅದು ಪಕ್ಕವಾದ್ಯವಲ್ಲ, ಶ್ರುತಿ ಕೊಟ್ಟು ಜೇಬು ಸೇರುತ್ತದೆ.

ವಾರವಾರದ ಭೋಜನಕ್ಕೆ ಅವರ ಆಧಾರ ಅಪೊಸ್ತಲರ ಕೃತ್ಯಗಳು 20:7. ತ್ರೋವದ ಶಿಷ್ಯರು ವಾರದ ಮೊದಲ ದಿನ ರೊಟ್ಟಿ ಮುರಿಯಲು ಕೂಡಿದ್ದರು.

ಇನ್ನು ದೀಕ್ಷಾಸ್ನಾನ. ಥಾಮಸರ ಮಗ ಅಲೆಕ್ಸಾಂಡರ್ ಕ್ಯಾಂಪ್‌ಬೆಲ್‌ಗೆ 1812ರಲ್ಲಿ ಚೊಚ್ಚಲ ಮಗು ಹುಟ್ಟಿತು. ಕೂಸಿಗೆ ದೀಕ್ಷಾಸ್ನಾನ ಮಾಡಿಸುವುದು ಸರಿಯೇ ಎಂದು ಸತ್ಯವೇದ ತಿರುವಿಹಾಕುತ್ತಾ ಕೂತವರು, ತಮಗೇ ಸರಿಯಾದ ದೀಕ್ಷಾಸ್ನಾನ ಆಗಿಲ್ಲ ಎಂಬ ತೀರ್ಮಾನಕ್ಕೆ ಬಂದರು. ಜೂನ್‌ನಲ್ಲಿ ಹೆಂಡತಿ, ತಂದೆ, ತಾಯಿ, ತಂಗಿ ಸಮೇತ ಬಫಲೊ ಎಂಬ ತೊರೆಯಲ್ಲಿ ಮುಳುಗಿ ಎದ್ದರು. ನಂಬಿಕೆ, ಪಶ್ಚಾತ್ತಾಪ ಮೊದಲು, ನೀರು ಆಮೇಲೆ ಎಂಬುದು ಆ ಸಭೆಯ ಬೋಧನೆ. ಹಾಗಾಗಿ ನಿಮ್ಮ ಮಗಳದು ಅವರ ಲೆಕ್ಕದಲ್ಲಿ ಎರಡನೆಯದಲ್ಲ, ಮೊದಲನೆಯದು. ಸಿಎಸ್‌ಐ ಲೆಕ್ಕದಲ್ಲಿ ಒಮ್ಮೆ ಆದದ್ದು ಆಯಿತು, ಮತ್ತೆ ಮಾಡುವಂತಿಲ್ಲ. ಇವೆರಡನ್ನೂ ರಾಜಿ ಮಾಡಿಸುವ ಜಾಣತನ ನನ್ನಲ್ಲಿಲ್ಲ. ಅವಳು ಮುಳುಗಿದರೆ ನಿಮ್ಮ ಅಯ್ಯನವರಿಗೆ ನೋವಾದೀತು. ಅದನ್ನು ಅವಳಿಗೆ ಬಾಯಿಬಿಟ್ಟು ಹೇಳಿ, ಆದರೆ ಅವಳು ಯಾವುದೋ ಮೋಸದ ಬಲೆಗೆ ಬಿದ್ದಳೆಂದು ನಿದ್ದೆಗೆಡಬೇಡಿ.

ಭೋಜನದ ವಿಷಯ: ಅಲ್ಲಿ ಸಾಮಾನ್ಯವಾಗಿ ತಟ್ಟೆ ಸಾಲಿನಿಂದ ಸಾಲಿಗೆ ದಾಟುತ್ತದೆ, ನೀವು ಯಾವ ಸಭೆಯವರು ಎಂದು ಯಾರೂ ಕೇಳುವುದಿಲ್ಲ. ತಮ್ಮನ್ನು ತಾವೇ ಪರೀಕ್ಷಿಸಿಕೊಂಡು ತೆಗೆದುಕೊಳ್ಳಲಿ ಎಂದು ಬಿಡುತ್ತಾರೆ. ಹುಳಿಯಿಲ್ಲದ ತೆಳು ರೊಟ್ಟಿ, ಪುಟ್ಟ ಲೋಟದಲ್ಲಿ ದ್ರಾಕ್ಷಿರಸ. ಈ ಸಲ ಮಗಳ ಪಕ್ಕದಲ್ಲೇ ಕೂತುಕೊಳ್ಳಿ.