ಹಿಂದೆ ಕಿರಿದಾದ ಕಾಫಿ ಕಣಕ್ಕೆ ಕರ್ಣದ ಲೆಕ್ಕ

ಅಣ್ಣ, ನಿಮ್ಮ ಪ್ರಶ್ನೆ ನೋಡಿದೆ. ಕಾಫಿ ಒಣಗಿಸುವ ಕಣದ ಮುಂದಿನ ಅಂಚು 42 ಅಡಿ. ಹಿಂದೆ ಬರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ ಇರುವುದರಿಂದ ಅಲ್ಲಿ 22 ಅಡಿ ಮಾತ್ರ. ಎರಡೂ ಪಕ್ಕ 26 ಅಡಿ. ಮೂಲೆಯಿಂದ ಎದುರು ಮೂಲೆಗೆ, ಅಂದರೆ ಕರ್ಣ, 40 ಅಡಿ ಬರಲೇಬೇಕು ಅಂತ ಮೇಸ್ತ್ರಿ ಹೇಳಿದ್ದು ಹೇಗೆ ಅಂತ ಕೇಳಿದ್ದೀರಿ. ಅವರು ಹೇಳಿದ್ದು ಸರಿ.

ಶಾಲೆಯಲ್ಲಿ ಇದನ್ನು ಸಮದ್ವಿಬಾಹು ತ್ರಾಪಿಜ್ಯ ಅಂತ ಕಲಿತಿದ್ದೆವು, ಅಲ್ವಾ? ಇದರಲ್ಲಿ ಕರ್ಣದ ವರ್ಗ ಅಂದರೆ ಪಕ್ಕದ ವರ್ಗಕ್ಕೆ ಮುಂದಿನ, ಹಿಂದಿನ ಅಂಚುಗಳ ಗುಣಲಬ್ಧ ಕೂಡಿಸಿದಷ್ಟು. 26 × 26 = 676. 42 × 22 = 924. ಕೂಡಿದರೆ 1600, ಅಂದರೆ 40 × 40.

ಕಾರಣ ನೋಡಿ. ಹಿಂದಿನ ಬಲಮೂಲೆಯಿಂದ ಮುಂದಿನ ಅಂಚಿಗೆ ಲಂಬವಾಗಿ ಒಂದು ದಾರ ಎಳೆಯಿರಿ. 42ರಲ್ಲಿ 22 ಕಳೆದರೆ 20. ಅದು ಎರಡೂ ಕಡೆ ಸಮನಾಗಿ ಹಂಚಿಹೋಗುತ್ತದೆ. ಹಾಗಾಗಿ ದಾರದ ಬಲಕ್ಕೆ 10 ಅಡಿ, ಎಡಕ್ಕೆ 32 ಅಡಿ. ಬಲಗಡೆಯ ತ್ರಿಭುಜಕ್ಕೆ ಪೈಥಾಗೊರಸ್ ಹಾಕಿ: 676 − 100 = 576, ದಾರ 24 ಅಡಿ. ಎಡಗಡೆ 1024 + 576 = 1600. ಬಂತು ನೋಡಿ ಕರ್ಣ.

ಇದು ಈ ಅಳತೆಗೆ ಮಾತ್ರ ಅಲ್ಲ. 32 ಅನ್ನುವುದು ಎರಡು ಅಂಚುಗಳ ಮೊತ್ತದ ಅರ್ಧ, 10 ವ್ಯತ್ಯಾಸದ ಅರ್ಧ. ಮೊದಲನೆಯದರ ವರ್ಗದಲ್ಲಿ ಎರಡನೆಯದರ ವರ್ಗ ಕಳೆದರೆ ಯಾವಾಗಲೂ ಆ ಅಂಚುಗಳ ಗುಣಲಬ್ಧವೇ ಸಿಗುತ್ತದೆ. 1024 − 100 = 924, ಸರಿಯಾಯಿತಲ್ಲ. ಬ್ರಹ್ಮಗುಪ್ತ 628ರಲ್ಲೇ ಈ ನಿಯಮ ಬರೆದಿಟ್ಟಿದ್ದಾನೆ. ನನಗೆ ಇದು ತುಂಬಾ ಇಷ್ಟದ ಲೆಕ್ಕ.

ನಾವು ಕಣ ಮಾಡಿಸಿದಾಗ ಸುಮ್ನೆ ನಾಲ್ಕು ಅಂಚು ಅಳೆದು ಕಾಂಕ್ರೀಟ್ ಹಾಕಿಸಿದೆವು. ನಾಲ್ಕೂ ಸರಿಯಿತ್ತು, ಆದರೂ ಕಣ ಒಂದು ಕಡೆಗೆ ವಾಲಿತು. ಕೀಲು ಸಡಿಲಾದ ಮಂಚದ ಹಾಗೆ, ಅಂಚಿನ ಅಳತೆ ಬದಲಾಗದೆಯೇ ಆಕಾರ ಓರೆಯಾಗುತ್ತದೆ. ಟಾರ್ಪಾಲು ಇವತ್ತಿಗೂ ಸರಿಯಾಗಿ ಕೂರುವುದಿಲ್ಲ.

ನೀವು ಹೀಗೆ ಮಾಡಿ. ಮೊದಲು ಮುಂದಿನ 42 ಅಡಿಗೆ ಎರಡು ಗೂಟ ಗಟ್ಟಿಯಾಗಿ ಹೊಡೆಯಿರಿ. ಎಡಗೂಟದಿಂದ 40, ಬಲಗೂಟದಿಂದ 26 ಹಿಡಿದು ಎರಡು ಟೇಪು ಕೂಡುವ ಕಡೆ ಹಿಂದಿನ ಬಲಗೂಟ. ಅದನ್ನೇ ತಿರುಗಿಸಿ, ಬಲಗೂಟದಿಂದ 40, ಎಡಗೂಟದಿಂದ 26 ಹಿಡಿದರೆ ಹಿಂದಿನ ಎಡಗೂಟ. ಕೊನೆಗೆ ಹಿಂದಿನ ಎರಡರ ನಡುವೆ 22 ಬರಬೇಕು. ಬರದಿದ್ದರೆ ಎಲ್ಲೋ ತಪ್ಪಿದೆ, ಮತ್ತೆ ಅಳೆಯಿರಿ. ನಮ್ಮ ಕೊಡಗಿನಲ್ಲಿ ಸಮತಟ್ಟು ಜಾಗ ಕಡಿಮೆ. ಇಳಿಜಾರಿನಲ್ಲಿ ಟೇಪನ್ನು ನೆಲಕ್ಕೆ ಒರಗಿಸಿದರೆ ಅಳತೆ ಜಾಸ್ತಿ ತೋರಿಸುತ್ತದೆ, ಮಟ್ಟವಾಗಿ ಎಳೆದು ಹಿಡಿಯಿರಿ.

ಕಾಂಕ್ರೀಟ್ ಹಾಕುವ ದಿನ ಬೆಳಿಗ್ಗೆ ಎರಡೂ ಕರ್ಣ ಇನ್ನೊಮ್ಮೆ ನೋಡಿ. ಜಲ್ಲಿ ಹೊರುವವರ ಕಾಲಿಗೆ ಸಿಕ್ಕಿ ಗೂಟ ಅಲುಗಾಡಿರುತ್ತದೆ.